ಈ ಜೂನ್‌ಗೇ ಮೆಡಿಕಲ್ ಸ್ಕೂಲ್‌ಗೆ ಅರ್ಜಿ ಹಾಕಲಾ, ಒಂದು ವರ್ಷ ಕಾಯಲಾ?

ಪ್ರಶ್ನೆ: ಅಮೆರಿಕದಲ್ಲಿ ಬಯಾಲಜಿ ಮೂರನೇ ವರ್ಷ ಓದುತ್ತಿದ್ದೇನೆ. ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಮೊದಲ ವರ್ಷ 2.9, ಎರಡನೇ ವರ್ಷ 3.4, ಈ ವರ್ಷ 3.9. ಮೆಡಿಕಲ್ ಸ್ಕೂಲ್ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ಪ್ರಾಕ್ಟೀಸ್ ಟೆಸ್ಟ್‌ಗಳಲ್ಲಿ 503, 509, 505 ಬಂದಿದೆ. ಎರಡು ವರ್ಷ ಲ್ಯಾಬ್‌ನಲ್ಲಿ ಕೆಲಸ ಮಾಡಿದ್ದೇನೆ. ಒಬ್ಬ ಡಾಕ್ಟರ್ ಜೊತೆ 20 ಗಂಟೆ ಶ್ಯಾಡೋಯಿಂಗ್ (ಜೊತೆಗಿದ್ದು ಅವರ ಕೆಲಸ ನೋಡುವುದು) ಆಗಿದೆ. ಸ್ನೇಹಿತರೆಲ್ಲ ಈ ಜೂನ್‌ನಲ್ಲಿ ಅರ್ಜಿ ಹಾಕುತ್ತಿದ್ದಾರೆ. ನಾನೂ ಹಾಕಬಹುದಾ?

ಉತ್ತರ: ಈ ಜೂನ್‌ಗೆ ಬೇಡ. ಇನ್ನೊಂದು ವರ್ಷ ತಗೊಳ್ಳಿ. ಓದಿ ಬೇಜಾರಾಗಬಹುದು ಅಂತ ಗೊತ್ತು. ಆದರೆ ಕಾಯಬೇಕು ಅನ್ನುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಕಾದರೆ ಲಾಭವಿದೆ ಅನ್ನುವುದಕ್ಕೂ ಅಲ್ಲೇ ಇದೆ.

ಜಿಪಿಎಯಿಂದ ಶುರು ಮಾಡೋಣ. ಈಚಿನ ವರ್ಷಗಳಲ್ಲಿ ಅಲ್ಲಿನ ಎಂ.ಡಿ. (ನಮ್ಮ ಎಂಬಿಬಿಎಸ್‌ನಂತೆ ಡಾಕ್ಟರ್ ಆಗಲು ಓದುವ ಡಿಗ್ರಿ) ಕಾಲೇಜುಗಳಿಗೆ ಸೇರಿದವರ ಸರಾಸರಿ ಜಿಪಿಎ 3.8ರ ಹತ್ತಿರ, ಎಂಕ್ಯಾಟ್ 512ರ ಹತ್ತಿರ. ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆ ವರ್ಷ ಸೀಟು ಸಿಗುವುದಿಲ್ಲ. ಪ್ರತಿ ವರ್ಷ ಸುಮಾರು 30 ಕ್ರೆಡಿಟ್ ಅಂತ ಇಟ್ಟುಕೊಂಡರೆ ನಿಮ್ಮ ಒಟ್ಟು ಜಿಪಿಎ ಈಗ 3.4. ನಾಲ್ಕನೇ ವರ್ಷವೂ 3.9 ಬಂದರೆ ಅದು ಸುಮಾರು 3.53ಕ್ಕೆ ಏರುತ್ತದೆ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಎಎಂಸಿಎಎಸ್ ಅನ್ನುವ, ಈ ಕಾಲೇಜುಗಳಿಗೆ ಹಾಕುವ ಸಾಮಾನ್ಯ ಅರ್ಜಿಯಲ್ಲಿ ಒಟ್ಟು ಅಂಕ ಮಾತ್ರ ಇರುವುದಿಲ್ಲ. ವರ್ಷವರ್ಷದ ಜಿಪಿಎ ಬೇರೆಬೇರೆಯಾಗಿ ಕಾಣುತ್ತದೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಲೆಕ್ಕ ಪ್ರತ್ಯೇಕ ಇರುತ್ತದೆ. ಈಗ ಹಾಕಿದರೆ ಅವರಿಗೆ ಕಾಣುವುದು ಒಂದೇ ಒಂದು ಒಳ್ಳೆಯ ವರ್ಷ. ಮುಂದಿನ ಜೂನ್‌ನಲ್ಲಿ ಹಾಕಿದರೆ ಸಾಲಾಗಿ ಎರಡು. ಎಡವಿದ ಹುಡುಗ ಎದ್ದು ನಿಂತಿದ್ದಾನೆ ಅಂತ ನಂಬಲು ಒಂದು ವರ್ಷ ಸಾಲದು, ಎರಡು ವರ್ಷ ಸಾಕಾಗಬಹುದು.

ಎಂಕ್ಯಾಟ್ 472ರಿಂದ 528ರವರೆಗಿನ ಪರೀಕ್ಷೆ. 509 ಬಂದ ದಿನ ಖುಷಿಯಾಗಿರುತ್ತದೆ. ಆದರೆ ಅದನ್ನೇ ನಿಮ್ಮ ಅಂಕ ಅಂದುಕೊಳ್ಳಬೇಡಿ. ನಾನಾದರೆ ಕೊನೆಯ ಮೂರು ಟೆಸ್ಟ್‌ಗಳಲ್ಲಿ ಕಡಿಮೆ ಬಂದದ್ದನ್ನೇ ನಂಬುತ್ತೇನೆ. ಆ ಕಡಿಮೆ ಅಂಕವೂ ನಿಮಗೆ ಒಪ್ಪಿಗೆಯಾಗುವಂತಿದ್ದರೆ ಪರೀಕ್ಷೆಗೆ ಕೂರಿ. ಪ್ರಾಕ್ಟೀಸ್‌ಗೆ ಪರೀಕ್ಷೆ ನಡೆಸುವ ಎಎಎಂಸಿಯ ಟೆಸ್ಟ್‌ಗಳನ್ನೇ ಕೊನೆಗೆ ಉಳಿಸಿಕೊಳ್ಳಿ. ಸುಮ್ನೆ ಒಂದು ಸಲ ಬರೆದು ನೋಡೋಣ ಅನ್ನುವ ಹಾಗೂ ಇಲ್ಲ. ವರ್ಷಕ್ಕೆ 3 ಸಲ, ಎರಡು ವರ್ಷದಲ್ಲಿ 4 ಸಲ, ಜೀವಮಾನದಲ್ಲಿ 7 ಸಲ, ಅಷ್ಟೇ. ಹೆಸರು ನೋಂದಾಯಿಸಿ ಹೋಗದೇ ಇದ್ದರೂ ಒಂದು ಸಲ ಅಂತ ಲೆಕ್ಕ.

ಸೈನ್ಸ್ ವಿದ್ಯಾರ್ಥಿಗಳು ಜಾಸ್ತಿ ಏಟು ತಿನ್ನುವುದು ಎಂಕ್ಯಾಟ್‌ನ ಕಾರ್ಸ್ (CARS) ಅನ್ನುವ, ಓದಿ ಅರ್ಥಮಾಡಿಕೊಳ್ಳುವ ಭಾಗದಲ್ಲಿ. 90 ನಿಮಿಷ, 53 ಪ್ರಶ್ನೆ. ಕಲೆ, ಇತಿಹಾಸ, ತತ್ವಶಾಸ್ತ್ರದ ಬಗ್ಗೆ ಬರಹ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಓದಿದ ಪಾಠ ಇಲ್ಲಿ ನೆರವಿಗೆ ಬರುವುದಿಲ್ಲ. ಒಂದು ಅಭ್ಯಾಸ ಮಾಡಿ. ಬರಹ ಓದಿ ಮುಗಿಸಿದ ಕೂಡಲೇ ಉತ್ತರಗಳ ಕಡೆ ಕಣ್ಣು ಹಾಯಿಸಬೇಡಿ. ಬರೆದವರು ಏನು ಹೇಳುತ್ತಿದ್ದಾರೆ, ಯಾರ ಮಾತನ್ನು ಒಪ್ಪುತ್ತಿಲ್ಲ ಅಂತ ಒಂದು ಸಾಲು ಗೀಚಿ. ಕನ್ನಡದಲ್ಲೇ ಗೀಚಿದರೂ ಆಯಿತು. ಆ ಸಾಲು ಬರೆಯಲು ಬಾರದಿದ್ದರೆ ನೀವು ಬರೀ ಕಣ್ಣಾಡಿಸಿದ್ದೀರಿ, ಓದಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಚಿಂತೆ ಹತ್ತಿಸಿದ್ದು ಆ 20 ಗಂಟೆ. ಶ್ಯಾಡೋಯಿಂಗ್‌ನಲ್ಲಿ ನೀವು ಡಾಕ್ಟರ್ ಹಿಂದೆ ನಿಂತು ನೋಡಿದ್ದೀರಿ. ರೋಗಿಯ ಎದುರು ನೀವೇ ನಿಂತಿಲ್ಲ. ಎರಡು ವರ್ಷದ ಲ್ಯಾಬ್ ಕೆಲಸ ಒಳ್ಳೆಯದೇ. ಆದರೆ ಅದು ನಿಮಗೆ ವಿಜ್ಞಾನ ಇಷ್ಟ ಅಂತ ಹೇಳುತ್ತದೆ, ಕಾಯಿಲೆಯ ಮನುಷ್ಯನ ಪಕ್ಕ ಕೂರುವುದು ಇಷ್ಟ ಅಂತ ಹೇಳುವುದಿಲ್ಲ. ಅರ್ಜಿ ಓದುವವರು ಕೇಳುವುದೇ ಅದನ್ನು: ಹಾಗಾದರೆ ಪಿಎಚ್‌ಡಿ ಯಾಕೆ ಬೇಡ?

ಒಬ್ಬ ಅಜ್ಜಿ ಗಾಲಿಕುರ್ಚಿಯಲ್ಲಿ ಎಕ್ಸ್‌ರೇಗೆ ಕಾಯುತ್ತಿದ್ದಾರೆ ಅಂದುಕೊಳ್ಳಿ. ನೀವು ವಾಲಂಟಿಯರ್. ಇನ್ನೂ ಎಷ್ಟು ಹೊತ್ತು ಅಂತ ಮೂರನೇ ಸಲ ಕೇಳುತ್ತಾರೆ. ನಿಮಗೂ ಗೊತ್ತಿಲ್ಲ. ಕೈ ತಣ್ಣಗಾಗಿದೆ, ಹೊದಿಕೆ ಜಾರಿದೆ. ಆಗ ನೀವೇನು ಮಾಡಿದಿರಿ, ಏನು ಹೇಳಿದಿರಿ? ನಿಮ್ಮದೇ ಆದ ಇಂಥ ಒಂದು ಗಂಟೆಯನ್ನು, ರೋಗಿಯ ಹೆಸರು ಹೇಳದೆ, ಎರಡು ನಿಮಿಷ ನನಗೆ ಹೇಳಲು ಆಗುತ್ತದಾ? ನೀವು ತಯಾರಾಗಿದ್ದೀರಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಅರ್ಜಿಯಲ್ಲಿ 15 ಚಟುವಟಿಕೆಗಳಿಗೆ ಜಾಗ ಇದೆ. ಅದರಲ್ಲಿ ಮೂರನ್ನು ಮನಸ್ಸಿಗೆ ತುಂಬ ಹತ್ತಿರವಾದದ್ದು ಅಂತ ಆರಿಸಿ ವಿವರಿಸಬಹುದು. ಇಂಥ ಗಂಟೆಗಳು ಇಲ್ಲದಿದ್ದರೆ ಆ ಜಾಗದಲ್ಲಿ ಬರೀ ದೊಡ್ಡ ದೊಡ್ಡ ಮಾತು ತುಂಬಿಕೊಳ್ಳುತ್ತದೆ. ಹಾಸ್ಪಿಸ್ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ), ಎಮರ್ಜೆನ್ಸಿ ವಿಭಾಗ, ಉಚಿತ ಕ್ಲಿನಿಕ್, ಯಾವುದಾದರೂ ಸರಿ. ವಾರಕ್ಕೆ ನಾಲ್ಕು ಗಂಟೆ ವರ್ಷಪೂರ್ತಿ ಹೋದರೆ 200 ಗಂಟೆ ದಾಟುತ್ತದೆ. ಅಲ್ಲಿ ನಿಮಗೆ ಇದು ಬೇಡ ಅನ್ನಿಸಿದರೂ ತಪ್ಪಿಲ್ಲ. ಅದು ಈಗಲೇ ಗೊತ್ತಾದರೆ ಒಳ್ಳೆಯದಲ್ವಾ?

ಸ್ನೇಹಿತರ ವಿಷಯ. ಈಗ ಮೆಡಿಕಲ್ ಸ್ಕೂಲ್ ಸೇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಡಿಗ್ರಿ ಆದ ಮೇಲೆ ಒಂದು ವರ್ಷವಾದರೂ ಬಿಟ್ಟೇ ಸೇರುತ್ತಾರೆ. ನೀವು ಹಿಂದೆ ಬೀಳುತ್ತಿಲ್ಲ.

ಇನ್ನೊಂದು, ಇದನ್ನು ಕೇಳದೇ ಇರಲಾರೆ: ನಿಮ್ಮ ಹತ್ತಿರ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದೆಯಾ? ಇಲ್ಲದವರ ಅರ್ಜಿಯನ್ನು ಅನೇಕ ಕಾಲೇಜುಗಳು ನೋಡುವುದೇ ಇಲ್ಲ. ವೀಸಾ ಮೇಲಿದ್ದರೆ ತೆಗೆದುಕೊಳ್ಳುವ ಕಾಲೇಜುಗಳ ಪಟ್ಟಿಯನ್ನು ಮೊದಲೇ ಮಾಡಿಕೊಳ್ಳಿ.

ಮುಂದಿನ ವರ್ಷ ಹಾಕುವಾಗ ತಡ ಮಾಡಬೇಡಿ. ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ. ಹೆಚ್ಚಿನ ಕಾಲೇಜುಗಳು ಅರ್ಜಿ ಬಂದ ಹಾಗೇ ನೋಡುತ್ತಾ, ಸೀಟು ಕೊಡುತ್ತಾ ಹೋಗುತ್ತವೆ. ಎಂಕ್ಯಾಟ್ ಫಲಿತಾಂಶಕ್ಕೆ ಸುಮಾರು ಒಂದು ತಿಂಗಳು ಬೇಕು. ಹಾಗಾಗಿ ಏಪ್ರಿಲ್ ಒಳಗೆ ಪರೀಕ್ಷೆ ಮುಗಿಸಿದರೆ ನಿರಾಳ. ಲ್ಯಾಬ್‌ನ ಪ್ರೊಫೆಸರ್ ಹತ್ತಿರ ಶಿಫಾರಸು ಪತ್ರದ ಮಾತು ಮಾತ್ರ ಈ ಸೆಮಿಸ್ಟರ್‌ನಲ್ಲೇ ಎತ್ತಿ. ನೀವು ಮಾಡಿದ ಕೆಲಸ ಅವರಿಗೆ ಈಗ ಚೆನ್ನಾಗಿ ನೆನಪಿದೆ.