ಹುಮಾಯೂನನ ತಲೆಯ ಮೇಲೆ ಹತ್ತು ಲಕ್ಷ ಕಿಲೋ

ಹಳೇ ಮನೆ ಸೋರುತ್ತಿದೆ ಎಂದು ಯಾರಾದರೂ ಕರೆದರೆ ನಾನು ಮೊದಲು ಕೇಳುವುದು, "ತಾರಸಿ ಮೇಲೆ ಸಿಮೆಂಟು ಹಾಕಿಸಿದ್ದೀರಾ?" ಎಂದು. ಸಾಮಾನ್ಯವಾಗಿ ಹೌದೆಂದೇ ಉತ್ತರ. ಅದನ್ನು ಒಡೆದು ತೆಗೆಯಬೇಕು ಎಂದಾಗ ಮನೆಯವರ ಮುಖ ನೋಡಬೇಕು. ಆಗ ನಾನು ದೆಹಲಿಯ ಹುಮಾಯೂನ್ ಸಮಾಧಿಯ ಕಥೆ ಹೇಳುತ್ತೇನೆ.

ಹುಮಾಯೂನ್ 1556ರ ಜನವರಿಯಲ್ಲಿ ಪುರಾನಾ ಕಿಲಾದ ಮೆಟ್ಟಿಲಿನಿಂದ ಬಿದ್ದು ಸತ್ತ. ಸಮಾಧಿಯ ಕೆಲಸ ಶುರುವಾಗಿದ್ದು 1560ರ ದಶಕದಲ್ಲಿ. ಕಟ್ಟಿಸಿದವಳು ರಾಣಿ ಹಾಜಿ ಬೇಗಂ ಎನ್ನುವ ಮಾತು ವಾಡಿಕೆಯಲ್ಲಿದೆ. ಆದರೆ ಇಷ್ಟು ದೊಡ್ಡ ಕೆಲಸ ಅಕ್ಬರನ ಬೊಕ್ಕಸವಿಲ್ಲದೆ ನಡೆಯುವಂಥದ್ದಲ್ಲ ಎಂಬುದು ನನ್ನ ಲೆಕ್ಕ. ವಾಸ್ತುಶಿಲ್ಪಿ ಮೀರಕ್ ಮಿರ್ಜಾ ಘಿಯಾಸ್. ಅವನ ನಂತರ ಮಗ ಸೈಯದ್ ಮುಹಮ್ಮದ್ ಕೆಲಸ ಮುಗಿಸಿದ.

ಇಲ್ಲಿನ ಜಾಣತನವಿರುವುದು ಗುಮ್ಮಟದಲ್ಲಿ. ದೂರದ ತೋಟದಿಂದ ಕಾಣಬೇಕಾದರೆ ಅದು ಎತ್ತರವಿರಬೇಕು. ಕಳಶ ಬಿಟ್ಟು ಗುಮ್ಮಟದ ತುದಿಯವರೆಗೆ ಎತ್ತರ ಸುಮಾರು 42 ಮೀಟರ್. ಅಷ್ಟೂ ಎತ್ತರವನ್ನು ಒಳಗೆ ಖಾಲಿ ಬಿಟ್ಟರೆ ಕೋಣೆ ಬಾವಿಯಂತಾಗುತ್ತದೆ. ಹಾಗಾಗಿ ಒಂದರೊಳಗೊಂದು ಎರಡು ಗುಮ್ಮಟ: ಹೊರಗಿನದು ಅಮೃತಶಿಲೆ ಹೊದ್ದು ಆಕಾಶಕ್ಕೆ, ಒಳಗಿನದು ತಗ್ಗಾಗಿ ಕೋಣೆಯ ಅಳತೆಗೆ. ನಡುವೆ ಟೊಳ್ಳು. ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಅಲ್ಲಿರುವುದು ಒಂದೇ ಗುಮ್ಮಟ, ಒಳಗಿಂದ ಕಾಣುವುದೂ ಅದೇ, ಹೊರಗಿಂದ ಕಾಣುವುದೂ ಅದೇ. ಅಂದಹಾಗೆ, ಮೇಲಿನ ಕೋಣೆಯ ಗೋರಿ ಬರೀ ಗುರುತು. ನಿಜವಾದದ್ದು ಕಟ್ಟಡ ನಿಂತಿರುವ ಜಗಲಿಯ ಕೆಳಗಿನ ನೆಲಮಾಳಿಗೆಯಲ್ಲಿದೆ.

ಇಪ್ಪತ್ತನೇ ಶತಮಾನದಲ್ಲಿ ಸೋರಿಕೆ ತಡೆಯಲೆಂದು ಮಾಳಿಗೆಗೆ ಕಾಂಕ್ರೀಟ್ ಹಾಕಿದರು. ಮತ್ತೆ ಸೋರಿತು, ಮತ್ತೊಂದು ಪದರ ಬಿತ್ತು. ಸುಣ್ಣದ ಗಾರೆ ನೀರು ಕುಡಿದರೂ ಬಿಸಿಲಿಗೆ ಬಿಟ್ಟುಕೊಡುತ್ತದೆ. ಕೂದಲೆಳೆಯಷ್ಟು ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಸಿಮೆಂಟಿಗೆ ಆ ಗುಣವಿಲ್ಲ. ದೆಹಲಿಯ ಬಿಸಿಲಿಗೆ ಇಟ್ಟಿಗೆ ಹಿಗ್ಗಿ ಕುಗ್ಗುವಾಗ ಅದು ಜೊತೆಗೆ ಬಾಗದೆ ಸೀಳುತ್ತದೆ, ಸೀಳಿನಲ್ಲಿ ಇಳಿದ ನೀರು ಒಳಗೇ ಕೂರುತ್ತದೆ. 2007ರಿಂದ 2013ರವರೆಗಿನ ಜೀರ್ಣೋದ್ಧಾರದಲ್ಲಿ ಆಗಾ ಖಾನ್ ಸಾಂಸ್ಕೃತಿಕ ಟ್ರಸ್ಟ್‌ನವರು ಪುರಾತತ್ವ ಇಲಾಖೆಯ ಜೊತೆಗೂಡಿ ಮಾಳಿಗೆಯಿಂದ ಇಳಿಸಿದ ಕಾಂಕ್ರೀಟ್ ಸುಮಾರು 10 ಲಕ್ಷ ಕಿಲೋ! ಆಮೇಲೆ ಹಾಕಿದ್ದು ಸುಣ್ಣದ ಗಾರೆ. ಅಲ್ಲಿ ಸುಣ್ಣಕ್ಕೆ ಬೆಲ್ಲ, ಬಿಲ್ವದ ಹಣ್ಣಿನ ತಿರುಳು, ಉದ್ದು ಸೇರುತ್ತದೆ. ನಮ್ಮ ಕಡೆ ಬೆಲ್ಲದ ಜೊತೆ ಅಳಲೆಕಾಯಿ.

ಒಂದು ವಿಷಯದಲ್ಲಿ ಮಾತ್ರ ನನಗೆ ಮೊದಲು ತಕರಾರಿತ್ತು. ಮಾಳಿಗೆಯ ಛತ್ರಿಗಳಿಗೆ, ಅಂದರೆ ಕಂಬಗಳ ಮೇಲೆ ಪುಟ್ಟ ಗುಮ್ಮಟವಿರುವ ಮಂಟಪಗಳಿಗೆ, ಬಣ್ಣದ ಹೊಸ ಹೆಂಚುಬಿಲ್ಲೆ ಕೂರಿಸಿದ್ದು. ಉಜ್ಬೇಕಿಸ್ತಾನದ ಕುಶಲಕರ್ಮಿಗಳಿಂದ ಪಕ್ಕದ ನಿಜಾಮುದ್ದೀನ್ ಬಸ್ತಿಯ ಹುಡುಗರು ಕಲಿತು ಮಾಡಿದ ಬಿಲ್ಲೆಗಳವು. ಹೊಸದು ಹಳೆಯದರ ವೇಷ ಹಾಕಬಾರದು ಎಂದು ನಾವು ಓದಿ ಬಂದವರು. ಆದರೆ ಹತ್ತಿರ ಹೋಗಿ ನೋಡಿದರೆ, ಉಳಿದಿದ್ದ ಹಳೇ ಬಿಲ್ಲೆಗಳನ್ನು ಹೊಳಪು ಹೋಗಿದ್ದರೂ ಕೀಳದೆ ಹಾಗೇ ಬಿಟ್ಟಿದ್ದಾರೆ. ಮಂಕಾದದ್ದು ಯಾವುದು, ಮಿರುಗುವುದು ಯಾವುದು ಎಂದು ಕಣ್ಣಿಗೇ ಗೊತ್ತಾಗುತ್ತದೆ. ಆಮೇಲೆ ನಾನು ತಕರಾರು ಎತ್ತಲಿಲ್ಲ.