‘ಹೈ ರಿಸ್ಕ್’ ಬೈಪಾಸ್: ಕೇಳದೆ ಉಳಿಯುವ ಇನ್ನೊಂದು ಪರ್ಸೆಂಟ್

“ಡಾಕ್ಟ್ರೇ, ರಿಸ್ಕ್ ಎಷ್ಟು ಪರ್ಸೆಂಟ್ ಉಂಟು?” ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬೈಪಾಸ್ (ಕಟ್ಟಿದ ಹೃದಯ ರಕ್ತನಾಳಕ್ಕೆ ಬಳಸುದಾರಿ ಜೋಡಿಸುವ ಆಪರೇಷನ್) ವಿಚಾರಿಸಲು ಬರುವವರು ಆಂಜಿಯೋಗ್ರಾಂ ಸಿ.ಡಿ. ಮೇಜಿನ ಮೇಲಿಡುವ ಮೊದಲೇ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ನೂರಕ್ಕೆ ಎಂಟು ಎಂದು ನಾವು ಹೇಳಿದೆವು ಎನ್ನಿ. ಮಗ ಅಪ್ಪಯ್ಯನ ಮುಖ ನೋಡುತ್ತಾನೆ, ಅಪ್ಪಯ್ಯ ಕಿಟಕಿ ನೋಡುತ್ತಾರೆ. “ಹಂಗಾರೆ ಬೇಡ ಬಿಡಿ, ಮಾತ್ರೆಯಲ್ಲೇ ನೋಡಣ.” ಮಾತ್ರೆಯಲ್ಲಿ ನೋಡಿದರೆ ರಿಸ್ಕ್ ಎಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಫೈಲು ಎತ್ತಿಕೊಂಡು ಮನೆಗೆ ಹೋದರೆ ರಿಸ್ಕ್ ಸೊನ್ನೆ ಎಂದೇ ಎಲ್ಲರ ಲೆಕ್ಕ.

ಹೃದಯ ಪಂಪ್ ಮಾಡುವ ಶಕ್ತಿ (ಹೃದಯದ ಸ್ಕ್ಯಾನ್ ಆದ ಎಕೋ ವರದಿಯಲ್ಲಿ ‘ಇ.ಎಫ್.’ ಎಂದಿರುತ್ತದೆ) ಶೇಕಡಾ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 1212 ಜನರ ಮೇಲೆ ‘ಸ್ಟಿಚ್’ ಎಂಬ ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಬರೀ ಔಷಧ, ಉಳಿದವರಿಗೆ ಔಷಧದ ಜೊತೆ ಬೈಪಾಸ್. ಮೊದಲ ತಿಂಗಳಲ್ಲಿ ಸಾವು ಹೆಚ್ಚಾಗಿದ್ದು ಬೈಪಾಸ್ ಆದವರಲ್ಲೇ. ಎದೆ ತೆರೆದದ್ದಕ್ಕೆ ತೆತ್ತ ಬೆಲೆ ಅದು. ಸುಮಾರು ಎರಡು ವರ್ಷದ ಹೊತ್ತಿಗೆ ಎರಡೂ ಗುಂಪು ಸಮವಾದವು. 2011ರಲ್ಲಿ, ಐದು ವರ್ಷದ ಆಸುಪಾಸಿನ ಫಲಿತಾಂಶ ಬಂದಾಗ ಒಟ್ಟು ಸಾವಿನಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಇರಲಿಲ್ಲ. 2016ರಲ್ಲಿ ಹತ್ತು ವರ್ಷದ ಲೆಕ್ಕ ಬಂತು: ಬರೀ ಔಷಧದವರಲ್ಲಿ ನೂರಕ್ಕೆ 66.1 ಜನ ತೀರಿಕೊಂಡಿದ್ದರು, ಬೈಪಾಸ್ ಆದವರಲ್ಲಿ 58.9.

ಈ ಎರಡು ಅಂಕಿಗಳನ್ನು ನಿಧಾನವಾಗಿ ನೋಡಿ. ಬೈಪಾಸ್ ಆದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಹತ್ತು ವರ್ಷದಲ್ಲಿ ಉಳಿಯಲಿಲ್ಲ. ಹಾಗಾಗಿ ಗ್ಯಾರಂಟಿ ಎಂಬ ಮಾತೇ ಇಲ್ಲಿ ಬರುವುದಿಲ್ಲ. ಆದರೆ ಮಾತ್ರೆಯಲ್ಲೇ ನೋಡಿದವರಲ್ಲಿ ಮೂರರಲ್ಲಿ ಇಬ್ಬರು ಹೋದರು. ನಮ್ಮ ಜನ ಎಂಟನ್ನು ಸೊನ್ನೆಯ ಪಕ್ಕ ಇಟ್ಟು ಹೆದರುತ್ತಾರೆ. ಇಡಬೇಕಾದದ್ದು ಈ ದೊಡ್ಡ ಅಂಕಿಯ ಪಕ್ಕ. ಅಡಿಕೆ ಸಸಿ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗುಂಡಿ, ಗೊಬ್ಬರ, ಆಳಿನ ಖರ್ಚೆಲ್ಲ ಮೊದಲೇ, ಫಸಲು ಐದಾರು ವರ್ಷದ ಮೇಲೆ. ಬೈಪಾಸಿನ ಅಪಾಯವೂ ಹಾಗೆಯೇ, ಮೊದಲ ಮೂವತ್ತು ದಿನದಲ್ಲಿ ಒಟ್ಟಿಗೆ ಬೀಳುತ್ತದೆ. ಔಷಧದ ದಾರಿಯ ಅಪಾಯ ದಿನಕ್ಕಿಷ್ಟು ಎಂದು ಸದ್ದಿಲ್ಲದೆ ಸೇರುತ್ತಾ ಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಓದಿ ಎಲ್ಲರೂ ಆಪರೇಷನ್ನಿಗೆ ಹೊರಡುವುದೂ ಬೇಡ. ಫಸಲು ತಿನ್ನುವಷ್ಟು ಕಾಲ ಇರಬೇಕಲ್ಲ! ಅದೇ ಅಧ್ಯಯನದಲ್ಲಿ ವಯಸ್ಸು ಹೆಚ್ಚಿದಂತೆ ಲಾಭ ಕಡಿಮೆಯಾಗುತ್ತಾ ಬಂತು, ಏಕೆಂದರೆ ವಯಸ್ಸಾದವರು ಹೃದಯಕ್ಕೆ ಸಂಬಂಧಿಸದ ಬೇರೆ ಕಾರಣಗಳಿಂದಲೂ ಸಾಯುತ್ತಾರೆ. ಹರಡಿದ ಕ್ಯಾನ್ಸರ್, ಮುಂದುವರಿದ ಮರೆವಿನ ಕಾಯಿಲೆ, ಹಾಸಿಗೆ ಹಿಡಿದ ಸ್ಥಿತಿ ಇದ್ದರೆ ಔಷಧವೇ ಸರಿ ಎಂದು ನಾವೇ ಹೇಳುತ್ತೇವೆ. ಸ್ಟಿಚ್ ನಡೆದಾಗ ಇಲ್ಲದ ಒಳ್ಳೆಯ ಹಾರ್ಟ್ ಫೇಲ್ಯೂರ್ ಔಷಧಗಳು ಈಗ ಬಂದಿವೆ, ಅದನ್ನೂ ತೂಗಬೇಕು. ಇನ್ನೊಂದು ಕಡೆ, “ಬ್ಲಾಕ್‌ಗೆ ಏನೂ ಮಾಡಿಸಬೇಕಿಲ್ಲವಂತೆ” ಎಂಬ ವಾಟ್ಸಾಪ್ ಸಂದೇಶ ತೋರಿಸುವವರಿದ್ದಾರೆ. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದ ಬಾಲ ಅದು. ಅದರಲ್ಲಿ ಎಡ ಮುಖ್ಯ ರಕ್ತನಾಳದ ಬ್ಲಾಕ್ ಇದ್ದವರನ್ನೂ ಇ.ಎಫ್. 35ಕ್ಕಿಂತ ಕಡಿಮೆ ಇದ್ದವರನ್ನೂ ಸೇರಿಸಿಕೊಂಡೇ ಇರಲಿಲ್ಲ. ಅಂದರೆ ಯಾರನ್ನು ನಾವು ಹೈ ರಿಸ್ಕ್ ಎನ್ನುತ್ತೇವೋ ಅವರ ಬಗ್ಗೆ ಆ ಸಂದೇಶ ಏನನ್ನೂ ಹೇಳುವುದಿಲ್ಲ.

ಮೂರೂ ನಾಳ ಕಟ್ಟಿರುವ ಸಕ್ಕರೆ ಕಾಯಿಲೆಯವರು “ಸ್ಟೆಂಟ್ (ನಾಳ ತೆರೆದಿಡುವ ಜಾಲರಿ ಕೊಳವೆ) ಹಾಕಿ ಮುಗಿಸಿಬಿಡಿ” ಎನ್ನುವುದೂ ಉಂಟು. 2012ರ ‘ಫ್ರೀಡಂ’ ಅಧ್ಯಯನದಲ್ಲಿ ಒಂದಕ್ಕಿಂತ ಹೆಚ್ಚು ನಾಳ ಕಟ್ಟಿದ್ದ 1900 ಸಕ್ಕರೆ ಕಾಯಿಲೆಯವರಲ್ಲಿ ಐದು ವರ್ಷಕ್ಕೆ ಸ್ಟೆಂಟಿನವರಲ್ಲಿ 16.3, ಬೈಪಾಸಿನವರಲ್ಲಿ 10.9 ಶೇಕಡಾ ಸಾವು. ಲಕ್ವ ಮಾತ್ರ ಬೈಪಾಸಿನವರಲ್ಲೇ ಹೆಚ್ಚು, 2.4ಕ್ಕೆ ಎದುರಾಗಿ 5.2. ಎರಡನ್ನೂ ಮುಂದಿಟ್ಟೇ ನಿರ್ಧಾರ ಆಗಬೇಕು.

ಇನ್ನು ಆ ಎಂಟು ಬಂದದ್ದು ಎಲ್ಲಿಂದ? ‘ಯೂರೋಸ್ಕೋರ್ 2’ ಎಂಬ ಲೆಕ್ಕಕ್ಕೆ ವಯಸ್ಸು, ಕಿಡ್ನಿ, ಶ್ವಾಸಕೋಶ, ಇ.ಎಫ್., ಇತ್ತೀಚಿನ ಹಾರ್ಟ್ ಅಟ್ಯಾಕ್, ಇನ್ಸುಲಿನ್, ಕಾಲು ಕತ್ತಿನ ರಕ್ತನಾಳದ ಕಾಯಿಲೆ, ಹಿಂದಿನ ಹೃದಯ ಆಪರೇಷನ್, ತುರ್ತು ಎಷ್ಟು ಎಂಬುದನ್ನೆಲ್ಲ ತುಂಬುತ್ತೇವೆ. ಇಂಥದೇ ಸ್ಥಿತಿಯ ನೂರು ಜನರಲ್ಲಿ ಸುಮಾರು ಎಂಟು ಜನ ಆಪರೇಷನ್ ಆಗಿ ಆಸ್ಪತ್ರೆಯಲ್ಲೇ ತೀರಿಕೊಳ್ಳಬಹುದು ಎಂದಷ್ಟೇ ಅದರ ಅರ್ಥ. ಆ ಎಂಟರಲ್ಲಿ ನಿಮ್ಮ ಅಪ್ಪಯ್ಯ ಇದ್ದಾರೋ ಇಲ್ಲವೋ ಅದು ಹೇಳಲಾರದು.

ಕಿಡ್ನಿ ವಿಷಯದಲ್ಲಿ ಎಡವುವವರು ಬಹಳ. “ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) 1.4 ಅಷ್ಟೇ” ಎಂದು ನಿರಾಳವಾಗಿ ಹೇಳುತ್ತಾರೆ. 72 ವರ್ಷದ, 48 ಕೆ.ಜಿ. ತೂಕದ ಅಮ್ಮನಿಗೆ ಲೆಕ್ಕ ಹಾಕಿ: 140ರಲ್ಲಿ ವಯಸ್ಸು ಕಳೆದರೆ 68, ತೂಕದಿಂದ ಗುಣಿಸಿ, ಅದನ್ನು 72 ಗುಣಿಸು 1.4ರಿಂದ ಭಾಗಿಸಿ, ಹೆಂಗಸರಿಗೆ 0.85ರಿಂದ ಗುಣಿಸಿದರೆ ಕಿಡ್ನಿ ಸೋಸುವುದು ನಿಮಿಷಕ್ಕೆ 27-28 ಮಿ.ಲೀ. ಮಾತ್ರ. 50ಕ್ಕಿಂತ ಕೆಳಗಿದ್ದರೇ ಯೂರೋಸ್ಕೋರ್ ಕಿಡ್ನಿ ತೊಂದರೆಯನ್ನು ತೀವ್ರ ಎನ್ನುತ್ತದೆ. ಇವರಿಗೆ ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಮಾತ್ರೆ ಮೊದಲು ನಿಲ್ಲಬೇಕು. ಆಂಜಿಯೋಗ್ರಾಂ ಮಾಡಲು ಚುಚ್ಚುವ ಬಣ್ಣದ ಏಟಿನಿಂದ ಕಿಡ್ನಿ ಚೇತರಿಸಿಕೊಳ್ಳಲು, ಹೃದಯ ಅವಕಾಶ ಕೊಟ್ಟರೆ, ಕೆಲವು ದಿನ ಬಿಡುತ್ತೇವೆ.

ಲೆಕ್ಕದೊಳಗೆ ಸರಿಯಾಗಿ ಕೂರದ್ದೆಂದರೆ ನಿಶ್ಶಕ್ತಿ. ಐದು ಮೀಟರ್ ನಡೆಯಲು ಆರು ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಆಪರೇಷನ್ ನಂತರದ ತೊಂದರೆ ಹೆಚ್ಚು ಎಂಬುದು ಗೊತ್ತಿರುವ ಸಂಗತಿ. ದಿನಾ ತೋಟಕ್ಕೆ ಇಳಿದು ದರೆ ಹತ್ತಿ ಬರುವ 78ರವರು ಕುರ್ಚಿ ಬಿಟ್ಟೇಳದ 65ರವರಿಗಿಂತ ಚೆನ್ನಾಗಿ ಏಳಬಹುದು. “ವಯಸ್ಸಾಯ್ತು” ಎಂದು ಹಿಂದೆ ಸರಿಯುವ ಮುನ್ನ ಜಗಲಿಯಲ್ಲಿ ಒಮ್ಮೆ ನಡೆಸಿ ನೋಡಿ. ಎದೆನೋವು ಬರುತ್ತಿರುವವರನ್ನು ಮಾತ್ರ ನಡೆಸಬೇಡಿ.

ಅಂಕಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಸ್ವಲ್ಪ ಇಳಿಸಬಹುದು. ಬೀಡಿ ಬಿಟ್ಟು ಕನಿಷ್ಠ ನಾಲ್ಕು ವಾರ ಆಗಿದ್ದರೆ ಕಫ, ನ್ಯುಮೋನಿಯಾ ಕಡಿಮೆ. ಮೂರು ಚೆಂಡಿನ ಊದುಗೊಳವೆ ಕೊಡುತ್ತೇವಲ್ಲ, ಅದು ಊದಲಿಕ್ಕಲ್ಲ, ಎಳೆಯಲಿಕ್ಕೆ. ನೆಟ್ಟಗೆ ಕೂತು, ನಳಿಗೆ ಬಾಯಲ್ಲಿಟ್ಟು, ನಿಧಾನ ಉಸಿರೆಳೆದು ಚೆಂಡನ್ನು ಎರಡು ಮೂರು ಸೆಕೆಂಡು ಮೇಲೆ ನಿಲ್ಲಿಸಬೇಕು. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ. ಮೂರನೇ ಚೆಂಡು ಏರಲಿಲ್ಲ ಎಂದು ಬೇಜಾರು ಬೇಡ, ಒಂದೇ ಚೆಂಡು ಹೊತ್ತು ನಿಂತರೂ ಕೆಲಸ ಆಯಿತು. ಬೀಡಿ ಮುಟ್ಟದ ಹೆಂಗಸರೂ ಇದರಿಂದ ಹೊರತಲ್ಲ: ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಊದಿ ಊದಿ ಶ್ವಾಸಕೋಶ ಕೆಟ್ಟಿರುತ್ತದೆ. “ಸ್ಮೋಕಿಂಗ್ ಇಲ್ಲ” ಎಂದಷ್ಟೇ ಹೇಳಿ ಒಲೆಯ ಮಾತು ಬಿಡಬೇಡಿ.

ಎಲೆ ಅಡಿಕೆ, ಗುಟ್ಕಾ ಜಗಿದವರು ಬಾಯಿ ತೆರೆದು ತಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ತೂರಿಸಿ ನೋಡಿ. ತೂರದಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಉಸಿರಿನ ಕೊಳವೆ ಹಾಕುವ ಹೊತ್ತಿನಲ್ಲಿ ಇದು ಗೊತ್ತಾಗುವುದು, ಅದೂ ದುರ್ಬಲ ಹೃದಯದವರಲ್ಲಿ, ಯಾರಿಗೂ ಒಳ್ಳೆಯದಲ್ಲ.

ಮಾತ್ರೆ ವಿಷಯದಲ್ಲಿ ಸ್ವಂತ ಬುದ್ಧಿ ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಆಸ್ಪಿರಿನ್ ಮುಂದುವರಿಯುತ್ತದೆ. ಕ್ಲೊಪಿಡೊಗ್ರೆಲ್ ಐದು ದಿನ, ಪ್ರಾಸುಗ್ರೆಲ್ ಏಳು ದಿನ ಮೊದಲು ನಿಲ್ಲುತ್ತದೆ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿ ಜೀವಕ್ಕೇ ಕುತ್ತು ಬರಬಹುದು. ಸಕ್ಕರೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಿನ್ನುವವರು ಮರೆಯದೆ ತಿಳಿಸಿ. ಅದನ್ನು ಮೂರು ದಿನ ಮೊದಲು ನಿಲ್ಲಿಸಬೇಕು, ಇಲ್ಲವಾದರೆ ಸಕ್ಕರೆ ಅಷ್ಟೇನೂ ಏರದೆ ರಕ್ತ ಆಮ್ಲೀಯವಾಗುವ ಅಪಾಯ ಇದೆ.

ಹೀಗೆ ತಯಾರಿಗೆಂದು ಕಾಯುವುದು ಬೇರೆ, ಅಡಿಕೆ ಕೊನೆಕೊಯ್ಲು ಮುಗಿಯಲಿ ಎಂದು ಕಾಯುವುದು ಬೇರೆ. ಎಡ ಮುಖ್ಯ ನಾಳ ಬಿಗಿಯಾಗಿ ಕಟ್ಟಿದ್ದರೆ, ಕೂತಲ್ಲೇ ನೋವು ಬರುತ್ತಿದ್ದರೆ ಕೊಯ್ಲಿಗೆ ಆಳು ಹುಡುಕುವುದೇ ಸುಲಭ. ನಡುವೆ ಇನ್ನೊಂದು ಅಟ್ಯಾಕ್ ಆಗಿ ರಾತ್ರಿ ಆ್ಯಂಬುಲೆನ್ಸಿನಲ್ಲಿ ಘಾಟಿ ಇಳಿದು ಬಂದರೆ ಅದೇ ರೋಗಿಯ ಎಂಟು ಹಲವು ಪಟ್ಟಾಗಿರುತ್ತದೆ. “ಬೀಟಿಂಗ್ ಹಾರ್ಟ್ (ಹೃದಯ ಬಡಿಯುತ್ತಿರುವಾಗಲೇ ಬೈಪಾಸ್) ಮಾಡಿದರೆ ರಿಸ್ಕ್ ಇಲ್ಲವಂತೆ” ಎಂಬುದೂ ಪೂರ್ತಿ ನಿಜವಲ್ಲ. ಮಹಾಪಧಮನಿಯಲ್ಲಿ ಸುಣ್ಣ ಕಟ್ಟಿದವರಿಗೆ, ಆ ನಾಳ ಮುಟ್ಟದೆ ಮಾಡಿದರೆ, ಲಕ್ವದ ಭಯ ಕಡಿಮೆ. ಉಳಿದವರಲ್ಲಿ ಯಾವ ವಿಧಾನ ಎಂಬುದನ್ನು ಮಾಡುವವರಿಗೇ ಬಿಡಿ.

ಆಪರೇಷನ್ ನಂತರ ಎರಡರಿಂದ ನಾಲ್ಕನೇ ದಿನದ ನಡುವೆ ಹೃದಯ ಬಡಿತ ತಾಳ ತಪ್ಪುವುದು ಸಾಮಾನ್ಯ, ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ಆಗುತ್ತದೆ, ಹೆಚ್ಚಿನವರಲ್ಲಿ ಔಷಧದಿಂದ ಹತೋಟಿಗೆ ಬರುತ್ತದೆ. ಸಕ್ಕರೆ ಕಾಯಿಲೆಯವರು ಹೆದರಬೇಕಾದದ್ದು ಎದೆಮೂಳೆಯ ಸೋಂಕಿಗೆ. ಎದೆಗೋಡೆಯ ಒಳಗಿನ ಅಪಧಮನಿಯನ್ನೇ ಹೃದಯಕ್ಕೆ ಜೋಡಿಸುವುದರಿಂದ (ಹತ್ತು ವರ್ಷದ ಮೇಲೂ ನೂರಕ್ಕೆ ತೊಂಬತ್ತರಷ್ಟು ತೆರೆದಿರುವ ನಾಳ ಅದು) ಮೂಳೆಯ ಆ ಬದಿಗೆ ರಕ್ತ ಕಡಿಮೆಯಾಗುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಸಕ್ಕರೆಯನ್ನು 180ರ ಒಳಗಿಡಲು ಒದ್ದಾಡುವುದು. ಸ್ಟೀಲ್ ತಂತಿಯಲ್ಲಿ ಬಿಗಿದ ಮೂಳೆ ಕೂಡಲು ಆರರಿಂದ ಎಂಟು ವಾರ, ಇವರಲ್ಲಿ ಹನ್ನೆರಡೂ ಆಗಬಹುದು. ಅಲ್ಲಿಯವರೆಗೆ ನೀರಿನ ಕೊಡ, ಸೌದೆ ಹೊರೆ, ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ. ಕೈಯೂರಿ ಏಳುವಂತಿಲ್ಲ, ಬೈಕ್ ಇಲ್ಲ. ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಿ. ಮಳೆಗಾಲದಲ್ಲಿ ಗಾಯಕ್ಕೆ ತಾಗುವ ಬಟ್ಟೆ ಒಣಗದೆ ಹಸಿಯಾಗಿರುವಾಗಲೇ ಉಟ್ಟುಕೊಳ್ಳುತ್ತಾರೆ, ಅದನ್ನು ಒಲೆ ಮೇಲೆ ಒಣಗಿಸಿದರೆ ಹೊಗೆ. ಇಸ್ತ್ರಿ ಹಾಕಿ ಒಣಗಿಸಿ. ಗಾಯದಿಂದ ನೀರು ಸೋರಿದರೆ, ಜ್ವರ ಬಂದರೆ, ಕೆಮ್ಮಿದಾಗ ಮೂಳೆ ಕಟಕ್ ಎಂದರೆ ಮುಂದಿನ ತಪಾಸಣೆ ದಿನಕ್ಕೆ ಕಾಯಬೇಡಿ, ಅದೇ ದಿನ ತೋರಿಸಿ. ಮಣಿಪಾಲ ಅಥವಾ ಬೆಂಗಳೂರಿನಲ್ಲಿ ಮಾಡಿಸಿಕೊಂಡವರಾದರೆ, ಡಿಸ್ಚಾರ್ಜ್ ಆಗುವ ಮುನ್ನವೇ ಶಿವಮೊಗ್ಗದಲ್ಲಿ ಗಾಯ ನೋಡುವವರು ಯಾರು ಎಂದು ಗೊತ್ತುಮಾಡಿಕೊಂಡು ಹೊರಡಿ.