ಹೆದರಿಸುವ ಬ್ರಿಟಿಷ್ ಜಾಹೀರಾತು ಯಾರಿಗೆ ಎಲ್ಲಿ ತಾಗುತ್ತದೆ?

1998ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ‘ಜೂಲಿ’ ಅಂತ ಒಂದು ಸರ್ಕಾರಿ ಜಾಹೀರಾತು ಬಂತು. ತಾಯಿ ಕಾರು ಓಡಿಸುತ್ತಿದ್ದಾಳೆ. ಅವಳು ಬೆಲ್ಟ್ ಹಾಕಿದ್ದಾಳೆ, ಹಿಂದೆ ಕೂತ ಮಗ ಹಾಕಿಲ್ಲ. ಕಾರು ಗುದ್ದಿದ ಕೂಡಲೇ ಮಗ ಮುಂದಕ್ಕೆ ಹಾರಿ ತಾಯಿಯ ಸೀಟಿಗೆ ಅಪ್ಪಳಿಸುತ್ತಾನೆ. ಮತ್ತೆ ತನ್ನ ಸೀಟಿಗೇ ಬೀಳುತ್ತಾನೆ. ತಾಯಿ ಅಲ್ಲೇ ಸಾಯುತ್ತಾಳೆ. ಅಪರಾಧ ಸುದ್ದಿ ಓದುವ ಹಾಗೆ ತಣ್ಣನೆಯ ದನಿಯಲ್ಲಿ ಹಿನ್ನೆಲೆ ಮಾತು ಬರುತ್ತದೆ. ಬಹುಪಾಲು ಕೊಲೆಗಳ ಹಾಗೆ ಇಲ್ಲೂ ಕೊಂದವನು ಗೊತ್ತಿದ್ದವನೇ ಅನ್ನುತ್ತದೆ ಅದು.

ನಾನು ಇಂಗ್ಲೆಂಡಿನಲ್ಲಿ ರಸ್ತೆ ಸುರಕ್ಷತೆಯ ತರಬೇತಿ ಕೊಡುತ್ತೇನೆ. ತರಗತಿಗೆ ಇಲ್ಲೇ ಹುಟ್ಟಿ ಬೆಳೆದವರೂ ಬರುತ್ತಾರೆ, ಬೇರೆ ದೇಶಗಳಿಂದ ಹೊಸದಾಗಿ ಬಂದವರೂ ಬರುತ್ತಾರೆ. ನಮ್ಮ ಕನ್ನಡದ ಕುಟುಂಬಗಳೂ ಇರುತ್ತವೆ. ‘ಜೂಲಿ’ ಹಾಕಿದಾಗ ಇಲ್ಲಿನವರು ಬೆಚ್ಚುವುದು ಕಾರು ಗುದ್ದುವ ಕ್ಷಣಕ್ಕೆ. ನಮ್ಮವರು ಆ ಕ್ಷಣವನ್ನು ಹೇಗೋ ತಡೆದುಕೊಳ್ಳುತ್ತಾರೆ. ಅವರಿಗೆ ತಡೆಯಲಾಗದ್ದು ಆ ಮಾತು. “ಹೆತ್ತ ಮಗನನ್ನ ಕೊಲೆಗಾರ ಅಂತಾರಲ್ಲ ಮೇಡಂ, ಬಿಡ್ತು ಅನ್ನಿ!” ಎಂದು ಒಬ್ಬರು ಅಮ್ಮ ನನ್ನನ್ನೇ ಗದರಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಸಾವನ್ನು ತೋರಿಸಿದ್ದಕ್ಕೆ ಅವರ ತಕರಾರಿಲ್ಲ. ತಾಯಿ ಮಗನ ನಡುವೆ ಅಂಥ ಮಾತು ತಂದದ್ದಕ್ಕೆ ಇತ್ತು.

ಹೊರಗಿನವರು ಬ್ರಿಟಿಷ್ ಜಾಹೀರಾತು ನೋಡಿ ‘ಇವರಿಗೆ ಕರುಣೆಯೇ ಇಲ್ವಾ’ ಅಂತಾರೆ. ಇಲ್ಲಿನವರು ‘ನೀವು ತೀರಾ ಮೆತ್ತಗೆ’ ಅಂತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಇದು ಹೆಚ್ಚಾಗಿ ಅಭ್ಯಾಸದ ವಿಷಯ, ಮತ್ತು ಮಾತು ಹೇಳುತ್ತಿರುವವರು ಯಾರು ಅನ್ನುವ ವಿಷಯ.

ಇಲ್ಲಿನವರ ಅಭ್ಯಾಸ ಹಳೆಯದು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಸರ್ಕಾರ ಕೇಂದ್ರ ಮಾಹಿತಿ ಕಚೇರಿ ತೆರೆಯಿತು. 1970ರ ದಶಕದ ಹೊತ್ತಿಗೆ ಅದು ಮಾಡಿಸಿದ ಎಚ್ಚರಿಕೆಯ ಪುಟ್ಟ ಚಿತ್ರಗಳು ಟಿವಿಯಲ್ಲಿ ಮಕ್ಕಳ ಕಾರ್ಯಕ್ರಮಗಳ ಸಂದಿಯಲ್ಲೇ ಬರುತ್ತಿದ್ದವು. 1973ರ ಒಂದು ಚಿತ್ರದಲ್ಲಿ ಮುಸುಕು ಹಾಕಿದ ಆಕೃತಿಯೊಂದು ಹೊಂಡದ ಬಳಿ ನಿಂತು, ಎಚ್ಚರ ತಪ್ಪಿದ ಮಕ್ಕಳಿಗಾಗಿ ಕಾಯುತ್ತದೆ. ದನಿ ಕೊಟ್ಟವರು ನಟ ಡೊನಾಲ್ಡ್ ಪ್ಲೆಸೆನ್ಸ್. ಅದನ್ನು ಚಿಕ್ಕಂದಿನಲ್ಲಿ ನೋಡಿದವರಿಗೆ ಈಗ ಅರವತ್ತರ ಆಸುಪಾಸು. ಆದರೂ ಆ ದನಿ ನೆನಪಿದೆ ಅನ್ನುತ್ತಾರೆ. 1977ರ ‘ಅಪಾಚೀಸ್’ ಹೊಲಮನೆಯಲ್ಲಿ ಆಡುವ ಮಕ್ಕಳ ಕಥೆ. ಟ್ರ್ಯಾಕ್ಟರ್, ಗೊಬ್ಬರದ ಗುಂಡಿ, ವಿಷದ ಔಷಧಿ ಹೀಗೆ ಒಂದೊಂದಕ್ಕೆ ಒಬ್ಬೊಬ್ಬರು ಬಲಿಯಾಗುತ್ತಾರೆ. ಇಂಥವನ್ನು ಶಾಲೆಯಲ್ಲೇ ನೋಡಿ ಬೆಳೆದವರಿಗೆ ‘ಜೂಲಿ’ ಹೊಸ ಆಘಾತ ಅಲ್ಲ. ಮನೆಯ ಹಿರಿಯರು ಗದರಿಸಿದ ಹಾಗೆ ಅನ್ನಿಸುತ್ತದೆ. ಗದರಿಸಿದ್ದು ಸರ್ಕಾರ ಅನ್ನುವುದೂ ಅವರಿಗೆ ವಿಚಿತ್ರ ಅನ್ನಿಸುವುದಿಲ್ಲ.

ಹಾಗಂತ ಬ್ರಿಟಿಷರು ಎಲ್ಲವನ್ನೂ ನುಂಗಿಕೊಂಡರು ಅಂತಲ್ಲ. ರೈಲು ಹಳಿಯ ಮೇಲೆ ಶಾಲೆಯ ಆಟೋಟ ನಡೆದ ಹಾಗೆ ತೋರಿಸಿದ ‘ದಿ ಫಿನಿಶಿಂಗ್ ಲೈನ್’ ಕೂಡ 1977ರದ್ದೇ. ಮಕ್ಕಳು ತುಂಬಾ ಹೆದರುತ್ತಾರೆ ಎಂಬ ಗಲಾಟೆ ಎದ್ದು, 1979ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. 2007ರಲ್ಲಿ ಸಿಗರೇಟ್ ಸೇದುವವರ ಬಾಯಿಗೆ ಗಾಳದ ಕೊಕ್ಕೆ ಸಿಕ್ಕಿಸಿ ಎಳೆಯುವ ಜಾಹೀರಾತು ಬಂತು. ಜಾಹೀರಾತು ನಿಯಂತ್ರಣ ಸಂಸ್ಥೆಗೆ 774 ದೂರುಗಳು ಹೋದವು. ಮಕ್ಕಳು ಹೆದರಬಹುದು ಎಂದು ಸಂಸ್ಥೆ ಒಪ್ಪಿಕೊಂಡಿತು.

ಅಮೆರಿಕದ ದಾರಿ ಬೇರೆ. ಅಲ್ಲಿ ಇಂಥ ಜಾಹೀರಾತುಗಳನ್ನು ಬಹುತೇಕ ಆಡ್ ಕೌನ್ಸಿಲ್ ಎಂಬ ಸಂಸ್ಥೆ ಮಾಡಿಸುತ್ತದೆ. ಟಿವಿಯವರು ಉಚಿತವಾಗಿ ಜಾಗ ಕೊಟ್ಟರಷ್ಟೇ ಅವು ಬರುತ್ತವೆ. ನೋಡುಗರು ಚಾನೆಲ್ ಬದಲಿಸುವಂಥದ್ದನ್ನು ಯಾರು ಸುಮ್ನೆ ಹಾಕುತ್ತಾರೆ? 1985ರಲ್ಲಿ ಬೆಲ್ಟ್ ಹಾಕಿ ಅಂತ ಹೇಳಲು ಅವರು ತಂದದ್ದು ವಿನ್ಸ್ ಮತ್ತು ಲ್ಯಾರಿ ಎಂಬ ಎರಡು ತಮಾಷೆಯ ಬೊಂಬೆಗಳನ್ನು. ಹಾಗಾಗಿ 2009ರಲ್ಲಿ ವೇಲ್ಸ್‌ನ ಗ್ವೆಂಟ್ ಪೊಲೀಸರ ಚಿತ್ರ ಯೂಟ್ಯೂಬ್ ಮೂಲಕ ಹೋದಾಗ ಅಮೆರಿಕದವರು ದಂಗಾದರು. ಕಾರು ಓಡಿಸುತ್ತಾ ಮೆಸೇಜ್ ಮಾಡುವ ಹುಡುಗಿ, ಮೂರು ಕಾರು ಗುದ್ದುವುದು, ಏಳದ ಅಪ್ಪ ಅಮ್ಮನನ್ನು ಏಳಿಸಿ ಎಂದು ಕೇಳುವ ಪುಟ್ಟ ಮಗು. ಅದನ್ನು ಮೂಲತಃ ಮಾಡಿದ್ದು ಶಾಲೆಗಳಿಗಾಗಿ! ಉತ್ತರ ಐರ್ಲೆಂಡ್ ಇನ್ನೂ ಮುಂದೆ ಹೋಯಿತು. 2014ರ ಜಾಹೀರಾತಿನಲ್ಲಿ ಪಿಕ್ನಿಕ್‌ಗೆ ಹೋದ ಇಡೀ ತರಗತಿಯ ಮೇಲೆ ಕಾರು ಉರುಳುತ್ತದೆ. 2000ದಿಂದ ಆವರೆಗೆ ಅಲ್ಲಿ ಅತಿವೇಗಕ್ಕೆ ಸತ್ತ ಮಕ್ಕಳು 28, ಅಂದರೆ ಒಂದು ತರಗತಿಯಷ್ಟು. ಅದನ್ನು ರಾತ್ರಿ 9ರ ನಂತರ ಮಾತ್ರ ಹಾಕುತ್ತಿದ್ದರು. ನಾನು ಅದನ್ನು ತರಗತಿಯಲ್ಲಿ ತೋರಿಸುವುದಿಲ್ಲ. ಮಗು ಕಳೆದುಕೊಂಡವರು ಯಾರಾದರೂ ಕೂತಿರಬಹುದು, ಅಲ್ವಾ?

ಜಾಸ್ತಿ ಹೆದರಿಸಿದರೆ ಜಾಸ್ತಿ ಬದಲಾಗುತ್ತಾರಾ? 1953ರಲ್ಲಿ ಜಾನಿಸ್ ಮತ್ತು ಫೆಶ್‌ಬ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ಶಾಲಾ ಮಕ್ಕಳಿಗೆ ಹಲ್ಲಿನ ಆರೈಕೆಯ ಪಾಠ ಮಾಡಿಸಿದರು. ಕೊಳೆತ ಹಲ್ಲಿನ ಚಿತ್ರ ತೋರಿಸಿ ಜೋರಾಗಿ ಹೆದರಿಸಿದ ಗುಂಪಿಗಿಂತ, ಮೆಲ್ಲಗೆ ಹೇಳಿಸಿಕೊಂಡ ಗುಂಪೇ ಮಾತು ಜಾಸ್ತಿ ಪಾಲಿಸಿತು. 1992ರಲ್ಲಿ ಕಿಮ್ ವಿಟ್ಟೆ ಇದಕ್ಕೆ ಒಂದು ವಿವರಣೆ ಕೊಟ್ಟರು. ಅಪಾಯದ ಜೊತೆಗೆ ‘ತಪ್ಪಿಸಿಕೊಳ್ಳುವ ದಾರಿ ನನ್ನ ಕೈಯಲ್ಲಿದೆ’ ಅನ್ನಿಸಿದರೆ ಜನ ಆ ದಾರಿ ಹಿಡಿಯುತ್ತಾರೆ. ಅನ್ನಿಸದಿದ್ದರೆ ಜಾಹೀರಾತಿಗೇ ಬೆನ್ನು ತಿರುಗಿಸುತ್ತಾರೆ.

ನನ್ನ ಕೆಲಸದಲ್ಲಿ ಇದು ದಿನವೂ ಕಾಣುತ್ತದೆ. ‘ಜೂಲಿ’ ಬರುವ ಹೊತ್ತಿಗೆ ಇಲ್ಲಿ ಹಿಂದಿನ ಸೀಟಿನ ದೊಡ್ಡವರಿಗೂ ಬೆಲ್ಟ್ ಕಡ್ಡಾಯವಾಗಿ ಏಳು ವರ್ಷ ಆಗಿತ್ತು. ಹೆದರಿದವನು ಕೈ ಚಾಚಿದರೆ ಬೆಲ್ಟ್ ಸಿಗುತ್ತಿತ್ತು. ಊರಲ್ಲಿ ಹಾಗಿದೆಯಾ? 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತು ಅಪಘಾತದಲ್ಲಿ ತೀರಿಕೊಂಡರು. ಆಗ ಎಲ್ಲರಿಗೂ ಭಯವಾಯಿತು. ಆದರೆ ಎಷ್ಟೋ ಕಾರುಗಳಲ್ಲಿ, ಟ್ಯಾಕ್ಸಿಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಸೀಟ್ ಕವರಿನ ಕೆಳಗೆ ಹೂತುಹೋಗಿರುತ್ತದೆ. ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ‘ಜೂಲಿ’ ತೋರಿಸಿ ಏನು ಮಾಡೋಣ? ಮೊದಲು ಕವರ್ ಎತ್ತಿ ಬಕಲ್ ಹೊರಗೆ ತೆಗೆಯಿರಿ.

ನಮ್ಮವರಿಗೆ ನಾನು ಈಗ ಮೊದಲು ತೋರಿಸುವುದು 2010ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನ ರಸ್ತೆ ಸುರಕ್ಷತೆಯವರು ಮಾಡಿಸಿದ ‘ಎಂಬ್ರೇಸ್ ಲೈಫ್’. ಒಂದೂ ಮಾತಿಲ್ಲ, ಕಾರೂ ಇಲ್ಲ. ಅಪ್ಪ ಮನೆಯ ಹಾಲಿನಲ್ಲಿ ಕುರ್ಚಿ ಮೇಲೆ ಕೂತು ಕಾರು ಓಡಿಸುವ ಹಾಗೆ ನಟಿಸುತ್ತಾನೆ. ಗುದ್ದುವ ಕ್ಷಣ ಬಂದಾಗ ಮಗಳು ಓಡಿ ಬಂದು ಅವನ ಸೊಂಟ ಹಿಡಿಯುತ್ತಾಳೆ, ಹೆಂಡತಿ ಎದೆಗೆ ಕೈ ಬಳಸುತ್ತಾಳೆ. ಆ ತೋಳುಗಳೇ ಬೆಲ್ಟ್. ಯೂಟ್ಯೂಬಿನಲ್ಲಿ ಅದು ದೇಶ ದೇಶ ಸುತ್ತಿತು. ಇಲ್ಲೂ ಭಯ ಇದೆ. ಆದರೆ ಮನೆಯವರು ಕೊಲ್ಲುವವರಲ್ಲ, ಉಳಿಸುವವರು. ಕನ್ನಡದ ತರಗತಿಯಲ್ಲಿ ಇದು ಮುಗಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ‘ಜೂಲಿ’ ಮುಗಿದಾಗ ಎಲ್ಲರೂ ಸುಮ್ಮನಾಗುತ್ತಾರೆ. ನನಗೆ ಬೇಕಾದ್ದು ಪ್ರಶ್ನೆಗಳು.

ಜಾಸ್ತಿ ಬರುವ ಪ್ರಶ್ನೆ ಊರಿಂದ ಬಂದಿರುವ ಅಪ್ಪ ಅಮ್ಮನದ್ದು. ಅವರಿಗೂ ಹಿಂದೆ ಬೆಲ್ಟ್ ಬೇಕಾ? ಬೇಕು. ಬ್ರಿಟನ್ನಿನಲ್ಲಿ 14 ತುಂಬಿದವರ ಬೆಲ್ಟಿಗೆ ಅವರೇ ಹೊಣೆ, 14ರೊಳಗಿನ ಮಕ್ಕಳಿಗೆ ಕಾರು ಓಡಿಸುವವರು ಹೊಣೆ. ದಂಡ 500 ಪೌಂಡ್‌ವರೆಗೂ ಹೋಗಬಹುದು. ಮಗುವಿಗೆ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟು ಬೇಕು. ಅಜ್ಜಿಯ ತೊಡೆ ಅದಕ್ಕೆ ಬದಲಿ ಅಲ್ಲ. ಸೀರೆ ಉಟ್ಟ ಅಮ್ಮಂದಿರಿಗೆ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂರಬೇಕು. ದಪ್ಪ ಸ್ವೆಟರ್, ಕೋಟು ಇದ್ದರೆ ಮುಂಭಾಗ ಬಿಚ್ಚಿ, ಪಟ್ಟಿಯನ್ನು ಅದರ ಒಳಗಿಂದ ತನ್ನಿ.